ಮೂವತ್ತೊಂದು ಚಿತ್ರ, ಒಂದು ಪದ

ವಾಚನಾಲಯದವರು ಈ ಸಲದ ಪುಸ್ತಕಕ್ಕ ನನ್ನ ಕಡೆಯಿಂದಲೂ ಒಂದು ಲೇಖನ ಬೇಕು ಅಂದರು. ನಾನು ಏಳನೇ ತರಗತಿ ಓದಿದವ. ಹಗಲಿಗೆ ಹೊಲ, ರಾತ್ರಿಗೆ ತಂಬೂರಿ, ಇಷ್ಟರಾಗೇ ಅರವತ್ತು ವರ್ಷ ದಾಟಿದವ. ಹಾಡು ಅಂದ್ರ ಬೆಳತನಕ ಹಾಡೇನು, ಬರೀ ಅಂದ್ರ ಕೈ ತಡವರಿಸ್ತದ. ಆದರೂ ಹೋದ ವರ್ಷ ನಮ್ಮ ವಾಚನಾಲಯದಾಗ ಒಂದು ಕೆಲಸ ನಡೀತು. ಊರಾಗಿನ ಮಂದಿ ಅದಕ್ಕ 'ತಾತ ಸಿನಿಮಾ ತೆಗೆದ' ಅಂತ ಹೆಸರಿಟ್ಟಾರ. ಸಿನಿಮಾ ಅಲ್ಲ ಅದು. ನಿಂತ ಚಿತ್ರಗಳನ್ನು ಸಾಲಾಗಿ ಇಟ್ಟು, ಅದಕ್ಕ ಒಂದು ಪದ ಕೂಡಿಸಿ, ಕಂಪ್ಯೂಟರಿನಾಗ ವಿಡಿಯೋ ಮಾಡಿದ್ದು. ಅದು ಹೆಂಗ ಆಯಿತು, ಅದರಾಗ ಏನೇನು ತಿಳೀತು ಅನ್ನೋದನ್ನ ಬರೀತೀನಿ. ಮಾಸ್ತರ ಮಂದಿಗೆ ಶಾಲಿಯೊಳಗ ಉಪಯೋಗ ಆದೀತು, ಉಳಿದವರಿಗೆ ಮನಿಯೊಳಗಿನ ಟ್ರಂಕು ತೆಗೆದು ನೋಡಾಕ ಒಂದು ನೆವ ಸಿಕ್ಕೀತು.

ಮೊದಲು ಆ ಚಿತ್ರಗಳ ಸುದ್ದಿ ಹೇಳ್ಬೇಕು. ನಮ್ಮ ಅಲಂಪುರ ಸೀಮೆ ಹಿಂದ ನಿಜಾಮರ ರಾಜ್ಯದಾಗ ರಾಯಚೂರು ಜಿಲ್ಲೆಯೊಳಗಿತ್ತು. 1956ರಾಗ ರಾಜ್ಯಗಳನ್ನು ಹಂಚಿದಾಗ ರಾಯಚೂರು ಮೈಸೂರು ರಾಜ್ಯಕ್ಕ ಹೋಯಿತು, ಅದರಾಗಿನ ಅಲಂಪುರ, ಗದ್ವಾಲ ತಾಲ್ಲೂಕು ಎರಡು ಆಂಧ್ರಕ್ಕ ಬಂದವು. ಈಗ ತೆಲಂಗಾಣ, ಜೋಗುಳಾಂಬ ಗದ್ವಾಲ ಜಿಲ್ಲಾ. ಜಿಲ್ಲಾ ಬದಲಾತು, ರಾಜ್ಯ ಬದಲಾತು, ಮನಿಯೊಳಗಿನ ಮಾತು ಹಂಗೇ ಉಳೀತು. ಹೊರಗ ತೆಲುಗು, ಒಳಗ ಕನ್ನಡ. ಹುಡುಗರು ತೆಲುಗು ಮೀಡಿಯಂ ಇಲ್ಲಾ ಇಂಗ್ಲಿಷ್ ಮೀಡಿಯಂ ಓದ್ತಾವ. ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ಶ್ರೀಶೈಲದ ಅಣೆಕಟ್ಟು ತುಂಬಿದ್ದು 1981ರ ಹೊತ್ತಿಗೆ. ಕೃಷ್ಣೆ, ತುಂಗಭದ್ರೆಯ ಹಿನ್ನೀರು ಹಿಂದಕ್ಕ ಸರೀತಾ ಬಂತು. ದಂಡಿ ಮ್ಯಾಲಿನ ಎಷ್ಟೋ ಹಳ್ಳಿ ನೀರಾಗ ಹೋದವು. ನಮ್ಮ ಹಳೇ ಊರೂ ಅದರಾಗ ಒಂದು. ನನಗ ಆಗ ಇಪ್ಪತ್ತರ ಆಸುಪಾಸು. ಊರು ಬಿಡೋ ಮುಂದ ಕರ್ನೂಲಿನಿಂದ ಒಬ್ಬ ಫೋಟೋ ತೆಗಿಯೋನು ಬಂದಿದ್ದ. ಕಾಸಿದ್ದವರು ತಮ್ಮ ತಮ್ಮ ಮನಿ ಮುಂದ ನಿಂತು ಒಂದೊಂದು ಫೋಟೋ ತೆಗೆಸಿಕೊಂಡರು. ಕಾಸಿಲ್ಲದವರು ಇನ್ನೊಬ್ಬರ ಫೋಟೋದಾಗ ಅಂಚಿಗೆ ನಿಂತರು. ಎಲ್ಲಾ ಕಪ್ಪು ಬಿಳುಪಿನವು. ಅಗಸಿ, ಹಣಮಪ್ಪನ ಗುಡಿ, ಅಲಾಯಿ ಕುಣಿ, ಬೇವಿನ ಗಿಡದ ಕಟ್ಟಿ, ಕಂಬಾರನ ಕುಲುಮಿ, ಬೀಸೋ ಕಲ್ಲಿನ ಮುಂದ ಕುಂತ ಮುದುಕಿ. ಮನಿಗೊಂದರಂಗ ಹಂಚಿಹೋಗಿದ್ದವು. ಯಾರ ಕಡೆ ಯಾವುದು ಅದ ಅಂತ ಯಾರಿಗೂ ಪೂರಾ ತಿಳಿದಿದ್ದಿಲ್ಲ.

ಪದ ಅಂದೆನಲ್ಲ, ಅದು ನಮ್ಮ ಗುರುಗಳದ್ದು. ಅವರು ಊರು ಬಿಟ್ಟ ವರ್ಷ ಒಂದು ಪದ ಕಟ್ಟಿದರು. ಒಂದು ಪಲ್ಲವಿ, ಐದು ನುಡಿ. ಅಗಸಿಯಿಂದ ಶುರು ಆಗಿ ಓಣಿ ಓಣಿ ತಿರುಗಿ, ಬಾವಿಗೆ ಬಂದು, ಅಲಾಯಿ ಕುಣಿ ಸುತ್ತು ಹಾಕಿ, ಕಡೀಗೆ ನದಿ ದಂಡಿಗೆ ಹೋಗಿ ನಿಲ್ಲುತ್ತದ. ಅವರ ಮಗ 1988ರಾಗ ಟೇಪಿನಾಗ ಹಿಡಿದಿದ್ದ. ಗುರುಗಳು ತೀರಿ ಇಪ್ಪತ್ತೈದು ವರ್ಷದ ಮ್ಯಾಲ ಆಯಿತು. ಆ ಪದ ಪೂರ್ತಿ ಬರೋದು ಈಗ ನನಗ ಒಬ್ಬನಿಗೇ. ಹಿಂದಿನ ದನಿ ಹಿಡಿಯೋರು ಇಬ್ಬರು ಇದ್ದರು, ಅವರೂ ಹೋದರು.

ಹೋದ ವರ್ಷ ನನ್ನ ಮೊಮ್ಮಗ ಹೈದರಾಬಾದಿನಿಂದ ಹಬ್ಬಕ್ಕ ಬಂದಿದ್ದ. ಅಲ್ಲಿ ಕಂಪ್ಯೂಟರ್ ಕೆಲಸ ಅವಂದು. ಟೇಪು ಕೇಳಿಸಿದೆ. 'ತಾತಾ, ಇದು ಇನ್ನ ಎಷ್ಟು ದಿನ ಓಡ್ತದ? ರೀಲು ಸವದದ. ಕಂಪ್ಯೂಟರಿಗೆ ಹಾಕಿ ಇಡೋಣ' ಅಂದ. ಟೇಪ್ ರೆಕಾರ್ಡರಿಗೆ ಒಂದು ವೈರು ಹಚ್ಚಿ ವಾಚನಾಲಯದ ಹಳೇ ಕಂಪ್ಯೂಟರಿಗೆ ಇಳಿಸಿದ. ಸರಿಯಾಗಿ 7 ನಿಮಿಷ 45 ಸೆಕೆಂಡು. 'ಬರೀ ದನಿ ಕಳಿಸಿದ್ರ ಹುಡುಗರು ಕೇಳೋದಿಲ್ಲ ತಾತಾ. ಚಿತ್ರ ಇದ್ರ ನೋಡ್ತಾವ' ಅಂದಾಗ ನನಗ ಆ ಫೋಟೋ ನೆನಪಾದವು.

ಮನಿ ಮನಿ ತಿರುಗಿದೆವು. ಟ್ರಂಕಿನ ತಳದಾಗ, ದೇವರ ಪಟದ ಹಿಂದ, ರೇಷನ್ ಕಾರ್ಡಿನ ಒಳಗ, ಎಲ್ಲೆಲ್ಲೋ ಇದ್ದವು. ಯಾರ ಫೋಟೋನೂ ನಾವು ತಗೊಂಡು ಬರಲಿಲ್ಲ. ಅವರ ಮನಿಯೊಳಗೇ, ಬೆಳಿಗ್ಗೆ ನೆಳ್ಳಾಗ ಕಟ್ಟಿ ಮ್ಯಾಲ ಇಟ್ಟು, ಮೊಬೈಲಿನಿಂದ ನೇರ ಮ್ಯಾಲಿಂದ ಒಂದು ಚಿತ್ರ ತಗೊಂಡು, ಫೋಟೋ ಅವರ ಕೈಗೇ ವಾಪಸ್ ಕೊಟ್ಟೆವು. ಫ್ಲ್ಯಾಶ್ ಹಾಕಬಾರದು, ಹೊಳಪಿನ ಕಾಗದ ಮಿಂಚಿ ಮಾರಿ ಕಾಣೋದಿಲ್ಲ. ಮೂವತ್ತು ಚಿತ್ರ ಸಿಕ್ಕವು. ಮೂವತ್ತೊಂದನೇದು ಊರ ಬಾವಿದು. ಅದು ಕರ್ನೂಲಿನಾಗಿರೋ ಒಬ್ಬ ಬೀಗರ ಮನಿಯೊಳಗ ಅದ ಅಂತ ಎಲ್ಲಾರೂ ಹೇಳಿದರು. ಬರ್ತದಲ್ಲ ಅಂತ ಅದರ ನಂಬರು ಖಾಲಿ ಬಿಟ್ಟೆವು.

ಇನ್ನ ಯಂತ್ರದ ಮಾತು. ಮೊಬೈಲಿನಾಗ ಫೋಟೋ ಕೂಡಿಸಿ ವಿಡಿಯೋ ಮಾಡೋ ಆ್ಯಪು ಬೇಕಾದಷ್ಟು ಅವ. ಮೊದಲು ಒಂದರಾಗ ನೋಡಿದೆವು. ಅದು ಚಿತ್ರಗಳನ್ನು ಕುಣಿಸ್ತದ, ತಿರುಗಿಸ್ತದ, ಹೃದಯದ ಗುರುತು ಹಾರಿಸ್ತದ, ಮೂಲ್ಯಾಗ ತನ್ನ ಹೆಸರು ಹಾಕ್ತದ. ಸತ್ತವರ ಮಾರಿ ಮ್ಯಾಲ ಹೃದಯ ಹಾರಿದ್ದು ನೋಡಿ ನಮ್ಮ ಮನಿಯಾಕಿ ಎದ್ದು ಹೋದಳು. ಆಗ ಮೊಮ್ಮಗ ಹೇಳಿದ, 'ಇದೇನೂ ಬ್ಯಾಡ. ಎಫ್‌ಎಫ್‌ಎಂಪೆಗ್ ಅಂತ ಒಂದು ಅದ. ಹೇಳಿದಷ್ಟೇ ಮಾಡ್ತದ. ಹೇಳಲಾರದ್ದು ಮಾಡೋದಿಲ್ಲ.'

ಆ ಹೆಸರಿನ ಅರ್ಥ ಕೇಳಿದೆ. ಎಫ್‌ಎಫ್ ಅಂದ್ರ ಫಾಸ್ಟ್ ಫಾರ್ವರ್ಡ್. ಟೇಪ್ ರೆಕಾರ್ಡರಿನಾಗ ಮುಂದಕ್ಕ ಓಡಿಸೋ ಬಟನ್ ಇರ್ತಿತ್ತಲ್ಲ, ಅದೇ. ಎಂಪೆಗ್ ಅನ್ನೋದು ಚಲಿಸೋ ಚಿತ್ರಗಳ ಲೆಕ್ಕ ಕಟ್ಟಿದ ಒಂದು ಮಂಡಳಿಯ ಹೆಸರು. ಇದನ್ನ 2000ನೇ ಇಸವಿಯಾಗ ಫ್ರಾನ್ಸ್ ದೇಶದ ಫ್ಯಾಬ್ರಿಸ್ ಬೆಲ್ಲಾರ್ ಅನ್ನೋವರು ಶುರು ಮಾಡಿದರು. ಆಮ್ಯಾಲ ಜಗತ್ತಿನ ಎಷ್ಟೋ ಮಂದಿ ಕೈ ಹಚ್ಚಿ ಬೆಳೆಸಿದರು. ರೊಕ್ಕ ಇಲ್ಲ, ಯಾರು ಬೇಕಾದರೂ ಹಾಕ್ಕೋಬಹುದು, ಒಳಗ ಹೆಂಗ ಅದ ಅಂತ ನೋಡ್ಬಹುದು, ತಿದ್ದಬಹುದು. ತತ್ವಪದ ಇದ್ದಂಗ ಅಂದುಕೊಂಡೆ. ಕಟ್ಟಿದವರು ಒಬ್ಬರು, ಬೆಳೆಸಿದವರು ನೂರು ಮಂದಿ, ಹಾಡಾಕ ಯಾರ ಅಪ್ಪಣಿನೂ ಬ್ಯಾಡ.

ಅದನ್ನ ತೆಗೆದಾಗ ಬಟನ್ ಇಲ್ಲ, ಚಿತ್ರ ಇಲ್ಲ. ಒಂದು ಕಪ್ಪು ಪರದೆ, ಅದರಾಗ ಬಿಳಿ ಅಕ್ಷರ. ಅದಕ್ಕ ಕಮಾಂಡ್ ಲೈನ್ ಅಂತಾರ. ಅಂದ್ರ ಆಜ್ಞೆಯ ಸಾಲು. ನಾವು ಒಂದು ಸಾಲು ಇಂಗ್ಲಿಷ್ ಅಕ್ಷರದಾಗ ಬರೀಬೇಕು, ಅದು ಅದನ್ನ ಓದಿ ಕೆಲಸ ಮಾಡ್ತದ. ನನಗ ಮೊದಲು ಹಿಡಿಸಿದ್ದೇ ಇದು. ಯಾಕಂದ್ರ ಬಟನ್ ಒತ್ತಿದ್ದು ಕೈಗೆ ನೆನಪಿರ್ತದ, ಇನ್ನೊಬ್ಬರಿಗೆ ಹೇಳಿಕೊಡಾಕ ಬರೋದಿಲ್ಲ. ಸಾಲು ಆದರ ವಹಿಯೊಳಗ ಬರೆದಿಟ್ಟುಕೋಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಬರ್ತದ. ಈಗ ನಮ್ಮ ವಾಚನಾಲಯದ ವಹಿಯೊಳಗ ಆ ಸಾಲು ಬರೆದದ, ತಳಗ ಕನ್ನಡದಾಗ ಅರ್ಥ ಬರೆದದ.

ಸಾಲಿನ ಅರ್ಥ ಇಷ್ಟು. ಮೊದಲಿಗೆ ಯಂತ್ರದ ಹೆಸರು. ಆಮ್ಯಾಲ ಒಂದೊಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಅನ್ನೋ ಲೆಕ್ಕ, ಅದಕ್ಕ ಫ್ರೇಮ್‌ರೇಟ್ ಅಂತಾರ. ಆಮ್ಯಾಲ ಚಿತ್ರಗಳು ಎಲ್ಲಿ ಅವ, ಅವುಗಳ ಹೆಸರು ಏನು. ಆಮ್ಯಾಲ ಹಾಡು ಎಲ್ಲದ. ಆಮ್ಯಾಲ ಯಾವ ರೀತಿ ಕಟ್ಟಬೇಕು, ಬಣ್ಣ ಯಾವ ಲೆಕ್ಕದಾಗ ಇರ್ಬೇಕು. ಎರಡರಾಗ ಯಾವುದು ಮೊದಲು ಮುಗೀತದೋ ಅಲ್ಲಿಗೆ ನಿಲ್ಲು ಅನ್ನೋ ಮಾತು. ಕಡೀಗೆ ಆಗೋ ವಿಡಿಯೋದ ಹೆಸರು. ಫ್ರೇಮ್‌ರೇಟ್ ಅನ್ನೋದನ್ನ ಚಿತ್ರದ ಹೆಸರಿಗಿಂತ ಮುಂಚೆನೇ ಹೇಳ್ಬೇಕು, ಆಮ್ಯಾಲ ಹೇಳಿದ್ರ ಆ ಚಿತ್ರಗಳಿಗೆ ಹತ್ತೋದಿಲ್ಲ. ಶ್ರುತಿ ಹಿಡಿದು ಆಮ್ಯಾಲ ಪದ ಎತ್ತಬೇಕು ಅನ್ನೋದು ನಮಗ ಹೊಸದಲ್ಲ.

ನಿಂತ ಚಿತ್ರ ಓಡೋ ಚಿತ್ರ ಹೆಂಗ ಆಗ್ತದ ಅನ್ನೋದು ಹುಡುಗರಿಗೆ ಹೇಳೋ ಮಾತು. ಕತ್ತಲದಾಗ ಕೊಳ್ಳಿ ತಿರುಗಿಸಿದ್ರ ಬೆಂಕಿ ಬಳಿ ಕಾಣ್ತದ. ಬಳಿ ಅಲ್ಲಿ ಇರೋದಿಲ್ಲ, ಕಣ್ಣಿನಾಗ ಇರ್ತದ. ಸಿನಿಮಾನೂ ಅಷ್ಟೇ. ಸೆಕೆಂಡಿಗೆ 24 ನಿಂತ ಚಿತ್ರ ಒಂದರ ಹಿಂದ ಒಂದು ಬರ್ತಾವ. ನಮ್ಮ ಟೀವಿಯೊಳಗ 25ರ ಲೆಕ್ಕ. ಫ್ರಾನ್ಸಿನ ಲೂಮಿಯೇರ್ ಅಣ್ಣತಮ್ಮರು 1895ರಾಗ ಪ್ಯಾರಿಸಿನಲ್ಲಿ ರೊಕ್ಕ ತಗೊಂಡು ಇಂಥ ಚಿತ್ರ ತೋರಿಸಿದರು. ಮರು ವರ್ಷವೇ, 1896ರ ಜುಲೈದಾಗ, ಮುಂಬೈದಾಗೂ ತೋರಿಸಿದರು. ನಮ್ಮ ದೇಶದ ದಾದಾಸಾಹೇಬ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದದ್ದು 1913ರಾಗ. ಅದಕ್ಕಿಂತ ಮುಂಚೆ ಅವರು ಮಾಡಿದ ಒಂದು ಸಣ್ಣ ಕೆಲಸ ನನಗ ಹೆಚ್ಚು ಹಿಡಿಸ್ತದ. ಕುಂಡದಾಗ ಒಂದು ಬಟಾಣಿ ಕಾಳು ಹಾಕಿ, ಅದು ಮೊಳಕಿ ಒಡೆದು ಬಳ್ಳಿ ಆಗೋತನಕ ದಿನಾ ಚಿತ್ರ ಹಿಡಿದು, ಎಲ್ಲಾ ಕೂಡಿಸಿ ಓಡಿಸಿದರು. ತಿಂಗಳ ಬೆಳಿ ಗಳಿಗ್ಯಾಗ ಕಣ್ಣ ಮುಂದ ಬೆಳೀತು. ರೈತನ ಕಣ್ಣಿನ ಕೆಲಸ ಅದು.

ಮಾಸ್ತರ ಮಂದಿ ಇದನ್ನ ಶಾಲಿಯೊಳಗ ಮಾಡಿಸಬಹುದು. ಒಂದು ಕುಂಡದಾಗ ಶೇಂಗಾ ಹಾಕಿಸ್ರಿ. ಮೊಬೈಲ್ ಒಂದೇ ಜಾಗದಾಗ ಇಟ್ಟು ದಿನಾ ಅದೇ ಹೊತ್ತಿಗೆ ಒಂದು ಚಿತ್ರ ತೆಗೆಸ್ರಿ. 30 ದಿನಕ್ಕ 30 ಚಿತ್ರ. ಸೆಕೆಂಡಿಗೆ 5 ಅಂತ ಯಂತ್ರಕ್ಕ ಹೇಳಿದ್ರ 6 ಸೆಕೆಂಡಿನಾಗ ಗಿಡ ಬೆಳೆದು ಹೂವಿಗೆ ಬರ್ತದ.

ನಮ್ಮದು ಅದರ ತದ್ವಿರುದ್ಧ. ಅಲ್ಲಿ ಚಿತ್ರ ಬೇಗ ಬೇಗ ಓಡಬೇಕು, ಇಲ್ಲಿ ನಿಂತು ನಿಂತು ಹೋಗಬೇಕು. ಇದೂ ಹೊಸದಲ್ಲ. ತೆಲಂಗಾಣದ ಚೇರಿಯಾಲದಾಗ ಉದ್ದನ್ನ ಬಟ್ಟಿ ಮ್ಯಾಲ ಕಥಿ ಬರೆಯೋ ಚಿತ್ರಗಾರರು ಅದಾರ. ಆ ಬಟ್ಟಿ ಇಟ್ಟುಕೊಂಡು ಕಥಿ ಹೇಳೋರು ಒಂದೊಂದು ಚಿತ್ರ ಬಿಚ್ಚಿ ತೋರಿಸ್ತಾ ಹಾಡ್ತಾರ. ಆ ಭಾಗದ ಕಥಿ ಮುಗಿಯೋತನಕ ಆ ಚಿತ್ರ ನಿಂತಿರ್ತದ, ಮುಗಿದ ಮ್ಯಾಲ ಮುಂದಿನದು. ನಾವು ಮಾಡಿದ್ದೂ ಅದೇ, ಬಟ್ಟಿ ಬದಲಿ ಕಂಪ್ಯೂಟರು.

ಮೊದಲ ಲೆಕ್ಕ ಸುಲಭ ಇತ್ತು. 7 ನಿಮಿಷ 45 ಸೆಕೆಂಡು ಅಂದ್ರ 465 ಸೆಕೆಂಡು. ಚಿತ್ರ 31. ಭಾಗಿಸಿದ್ರ ಒಂದಕ್ಕ 15 ಸೆಕೆಂಡು. ವಿಡಿಯೋ ಸೆಕೆಂಡಿಗೆ 25 ಚಿತ್ರದಂಗ ಓಡ್ತದಲ್ಲ, ಹಂಗಾಗಿ ಒಂದೊಂದು ಫೋಟೋ 375 ಸಲ ಬರ್ತದ. ಎಲ್ಲಾ ಕೂಡಿದ್ರ 11,625. ನಾನು ಕೇಳಿದೆ, 'ಅಷ್ಟು ಚಿತ್ರ ತುಂಬಿದ್ರ ಈ ಹಳೇ ಡಬ್ಬಿ ಒಡೀಲಿಕ್ಕಿಲ್ಲೇನೋ?' ಮೊಮ್ಮಗ ನಕ್ಕ. ಯಂತ್ರ ಎಲ್ಲಾ ಸಲ ಪೂರಾ ಚಿತ್ರ ಬರಕೊಳ್ಳೋದಿಲ್ಲಂತ. ಒಮ್ಮೆ ಪೂರಾ ಬರಕೊಂಡು, ಆಮ್ಯಾಲ 'ಹಿಂದಿನಂಗೇ' ಅಂತ ಗುರುತು ಹಾಕ್ತದ. ನಾವು ಭಜನಿ ಪುಸ್ತಕದಾಗ ಪಲ್ಲವಿ ಒಮ್ಮೆ ಬರೆದು, ಪ್ರತಿ ನುಡಿ ಕೊನೀಗೆ ಬರೇ 'ಪ' ಅಂತ ಹಾಕ್ತೀವಲ್ಲ, ಹಂಗ. ಆದರ 250 ಚಿತ್ರಕ್ಕ ಒಮ್ಮೆ ಆದರೂ ಪೂರಾ ಚಿತ್ರ ಮತ್ತೆ ಬರಕೊಳ್ತದ. ಯಾಕಂದ್ರ ನಡುವಿನಿಂದ ನೋಡಾಕ ಹತ್ತಿದವರಿಗೂ ಚಿತ್ರ ಸಿಗಬೇಕು. ತಡಮಾಡಿ ಬಂದು ಕುಂತವರಿಗೆ ಪಲ್ಲವಿ ಒಮ್ಮೆ ತಿರುಗಿ ಹಾಡಿದಂಗ.

ಅಳತಿ ಮಾತೂ ಇತ್ತು. ಒಂದು ಫೋಟೋ ಅಡ್ಡ, ಒಂದು ಉದ್ದ. ಎಲ್ಲಾ ಒಂದೇ ಚೌಕಟ್ಟಿಗೆ ಬರಬೇಕು. ಅಗಲ 1280 ಚುಕ್ಕಿ, ಎತ್ತರ 720 ಚುಕ್ಕಿ ಇಟ್ಟೆವು. ಉದ್ದ ಇದ್ದ ಫೋಟೋಗೆ ಎರಡೂ ಬಾಜು ಕಪ್ಪು ಪಟ್ಟಿ ಬಿಟ್ಟೆವು, ಎಳೆದು ಹಿಗ್ಗಿಸಲಿಲ್ಲ. ಹಿಗ್ಗಿಸಿದ್ರ ಸಣಕಲು ಮನುಷ್ಯ ದಪ್ಪ ಆಗ್ತಾನ. ಈ ಅಂಕಿ ಎರಡೂ ಸರಿಸಂಖ್ಯೆ ಇರ್ಬೇಕು, ಬೆಸ ಇದ್ರ ಯಂತ್ರ ಒಲ್ಲೆ ಅಂತದ. ಕಾರಣ ಹೀಂಗ ಅದ. ನಮ್ಮ ಕಣ್ಣು ಬೆಳಕು ನೆಳ್ಳು ಸೂಕ್ಷ್ಮ ನೋಡ್ತದ, ಬಣ್ಣ ಅಷ್ಟು ಸೂಕ್ಷ್ಮ ನೋಡೋದಿಲ್ಲ. ಅದಕ್ಕ ಜಾಗ ಉಳಿಸಾಕ ನಾಕು ಚುಕ್ಕಿಗೆ ಕೂಡಿ ಒಂದೇ ಬಣ್ಣದ ಲೆಕ್ಕ ಇಡ್ತಾರ. ಅಡ್ಡ ಎರಡು, ಉದ್ದ ಎರಡು. ಜೋಡಿ ಇಲ್ಲದ ಒಂಟಿ ಸಾಲು ಉಳಿದ್ರ ನೊಗ ಹೂಡಾಕ ಬರೋದಿಲ್ಲ. ಈ ಬಣ್ಣದ ಲೆಕ್ಕಕ್ಕ ವೈಯುವಿ420ಪಿ ಅಂತ ಹೆಸರು. ಇದನ್ನ ಸಾಲಿನಾಗ ಬರೆಯಲಾರದ ಬಿಟ್ರ ಕೆಲವು ಮೊಬೈಲಿನಾಗ ದನಿ ಅಷ್ಟೇ ಬರ್ತದ, ಚಿತ್ರ ಬರೋದಿಲ್ಲ.

ಇದೆಲ್ಲಾ ಮೊಮ್ಮಗನ ಕೆಲಸ. ನಮ್ಮ ಕೆಲಸ ನಂಬರು ಹಾಕೋದು. ಯಂತ್ರಕ್ಕ ಚಿತ್ರದಾಗ ಏನದ ಅಂತ ತಿಳಿಯೋದಿಲ್ಲ. ಅಗಸಿ ಯಾವುದು, ಕುಲುಮಿ ಯಾವುದು, ಅದಕ್ಕೆಲ್ಲಾ ಒಂದೇ. ಅದು ಹೆಸರಿನಾಗಿನ ನಂಬರು ಅಷ್ಟೇ ನೋಡ್ತದ. 001, 002, 003 ಅಂತ ಮೂರು ಅಂಕಿ ಇರ್ಬೇಕು. ಬರೇ 1, 2, 3 ಅಂತ ಇಟ್ರ ಕಂಪ್ಯೂಟರಿನ ಪಟ್ಟಿಯೊಳಗ 1 ಆದ ಮ್ಯಾಲ 10, 11 ಬಂದು ಕೂಡೋದೂ ಅದ.

ಇಲ್ಲಿ ನನಗ ಅಲಂಪುರದ ಕಲ್ಲು ನೆನಪಾದವು. ಅಲಂಪುರದ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು. ಕೃಷ್ಣೆ, ತುಂಗಭದ್ರೆ ಕೂಡೋ ಕೂಡವೆಲ್ಲಿಯಾಗ ಸಂಗಮೇಶ್ವರನ ಗುಡಿ ಇತ್ತು. ಅದು ಶ್ರೀಶೈಲದ ನೀರಾಗ ಮುಳುಗ್ತದ ಅಂತ ಗುಡಿನೇ ಬಿಚ್ಚಿ ತಂದು ಅಲಂಪುರದಾಗ ತಿರುಗಿ ಕಟ್ಟಿದರು. ಪಾಪನಾಶಿಯ ಗುಡಿಗಳನ್ನೂ ಹಂಗೇ ತಂದರು. ಬಿಚ್ಚೋ ಮುಂಚೆ ಒಂದೊಂದು ಕಲ್ಲಿಗೂ ನಂಬರು ಬರೆದರು. ಯಾವ ಸಾಲು, ಎಷ್ಟನೇ ಕಲ್ಲು. ಆ ನಂಬರು ಇಲ್ಲದಿದ್ರ ಅದು ಕಲ್ಲಿನ ರಾಶಿ, ನಂಬರು ಇದ್ದದ್ದಕ್ಕ ಗುಡಿ ಆತು. ಇವತ್ತು ಹೋಗಿ ನೋಡಿದ್ರ ಅದು ಅಲ್ಲೇ ಹುಟ್ಟಿದಂಗ ನಿಂತದ. ಮೊಮ್ಮಗನಿಗೆ ಇದನ್ನ ಹೇಳಿದೆ. 'ಹೌದು ತಾತಾ, ಇದೂ ಅದೇ' ಅಂದ.

ನಂಬರು ಹಾಕಾಕ ನಾಕು ಸಂಜೆ ಹಿಡೀತು. ವಾಚನಾಲಯದ ಕಟ್ಟಿ ಮ್ಯಾಲ ಹಿರೇರೆಲ್ಲಾ ಕೂಡಿದರು. ಕಂಬಾರರ ಓಣಿ ಮೊದಲೋ, ಕುರುಬರ ಓಣಿ ಮೊದಲೋ ಅಂತ ಎರಡು ದಿನ ವಾದ ಆಯಿತು. ಊರು ನೀರಾಗ ಹೋಗಿ ನಲವತ್ತು ವರ್ಷ ದಾಟಿದ ಮ್ಯಾಲ ಹೋಗಿ ನೋಡಿ ಬರಾಕ ಬರೋದಿಲ್ಲ. ಕಡೀಗೆ ಎಂಬತ್ತು ದಾಟಿದ ನಮ್ಮ ಚಿಗವ್ವ ಮಾತಾಡಿದಳು. 'ಯಾಕ ಹಾದ್ಯಾಡ್ತೀರಿ? ನಿಮ್ಮ ಗುರುವಿನ ಪದದಾಗೇ ಅದಲ್ಲ. ಎರಡನೇ ನುಡಿ ಹಾಡು ನೋಡೋಣ' ಅಂದಳು. ನಾನು ಹಾಡಿದೆ. ಅಗಸಿ ಒಳಗ ಬಂದು ಎಡಕ್ಕ ತಿರುಗಿದ್ರ ಮೊದಲು ಸಿಗೋದು ಕುಲುಮಿ ಸಪ್ಪಳ. ಹಂಗಾಗಿ ಕಂಬಾರರ ಓಣಿನೇ ಮೊದಲು. ವಾದ ಅಲ್ಲಿಗೆ ಮುಗೀತು. ಗುರುಗಳು ಊರಿನ ನಕಾಶಿನೇ ಪದದಾಗ ಇಟ್ಟು ಹೋಗಿದ್ದರು. ನಾವು ಅದನ್ನ ಇಷ್ಟು ವರ್ಷ ಬರೇ ಪದ ಅಂತ ಹಾಡ್ತಿದ್ದೆವು.

ನಂಬರೆಲ್ಲಾ ಹಾಕಿ ಒಂದು ಸಲ ಓಡಿಸಿ ನೋಡಿದೆವು. ಹದಿನಾರನೇ ಚಿತ್ರ ಮುಗಿದು, ಸರಿಯಾಗಿ 4 ನಿಮಿಷಕ್ಕ ನಿಂತುಬಿಟ್ಟಿತು. ಗುರುಗಳ ದನಿ ನುಡಿ ನಡುವೆ ಕತ್ತರಿಸಿತು. 017 ಖಾಲಿ ಇತ್ತಲ್ಲ. ನಂಬರಿನ ಸಾಲಿನಾಗ ಒಂದು ತಪ್ಪಿದ್ರ ಯಂತ್ರ ಮುಂದಿನದು ನೋಡೋದಿಲ್ಲ, ಅಲ್ಲಿಗೇ ಮುಗೀತು ಅಂತ ತಿಳ್ಕೊಳ್ತದ. ಮೂರನೇ ನುಡಿಯೊಳಗ ಬಾವಿ ಬರ್ತದ, 017 ಆ ಬಾವಿದು.

ಕರ್ನೂಲಿನ ಬೀಗರಿಗೆ ಫೋನು ಹಚ್ಚಿದೆವು. 2009ರ ಅಕ್ಟೋಬರದಾಗ ತುಂಗಭದ್ರೆ ಉಕ್ಕಿ ಕರ್ನೂಲು ಮುಳುಗಿದ್ದು ನಿಮಗೆಲ್ಲಾ ನೆನಪದ. ಅವರ ಮನಿಯೊಳಗ ಎದಿ ಮಟ ನೀರು ನಿಂತಿತ್ತು. ಆ ಫೋಟೋ ನೀರಾಗ ನೆಂದು ಒಂದಕ್ಕೊಂದು ಅಂಟಿ ಹೋಗಿದ್ದವು, ಬಿಡಿಸಾಕ ಹೋದ್ರ ಬರೇ ಬಿಳಿ ಕಾಗದ ಉಳೀತು ಅಂದರು. ಒಂದು ನೀರಿನಿಂದ ಉಳಿಸಿಕೊಂಡು ತಂದ ಬಾವಿ ಇನ್ನೊಂದು ನೀರಿಗೆ ಹೋಯಿತು. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಇಲ್ಲಿ ನಾವು ಮೂರು ಪಾಲಾದೆವು. ಒಬ್ಬರು, ನಂಬರು ಮುಂದಕ್ಕ ಸರಿಸಿ ಮೂವತ್ತೇ ಇಡೋಣ ಅಂದರು. ಇನ್ನೊಬ್ಬರು, ಇಂಟರ್ನೆಟ್ಟಿನಾಗ ಯಾವುದಾದರೂ ಹಳೇ ಬಾವಿ ಚಿತ್ರ ಸಿಗ್ತದ, ಹಾಕಿದ್ರಾತು, ಬಾವಿ ಬಾವಿನೇ ಅಂದರು. ಮೊಮ್ಮಗನ ಗೆಳೆಯ ಇನ್ನೂ ಒಂದು ಹೇಳಿದ. 'ತಾತಾ, ಈಗ ಬಾಯಿಲೆ ಹೇಳಿದ್ರ ಕಂಪ್ಯೂಟರೇ ಚಿತ್ರ ಬರೀತದ. ಮೆಟ್ಟಲ ಎಷ್ಟು, ಗಡಗಡಿ ಎಲ್ಲಿ, ಹೇಳ್ರಿ ಸಾಕು. ಕಪ್ಪು ಬಿಳುಪು ಮಾಡಿ ಕೊಡ್ತೀನಿ, ಯಾರಿಗೂ ಗೊತ್ತಾಗೋದಿಲ್ಲ.'

ಅವನ ಮಾತು ಕೆಟ್ಟ ಮನಸಿನಿಂದ ಬಂದದ್ದಲ್ಲ. ಆದರ 'ಯಾರಿಗೂ ಗೊತ್ತಾಗೋದಿಲ್ಲ' ಅಂದನಲ್ಲ, ಅದೇ ನನಗ ಚುಚ್ಚಿತು. ಇವತ್ತು ಆ ಬಾವಿ ನೋಡಿದವರು ಹನ್ನೆರಡು ಹದಿನಾಲ್ಕು ಮಂದಿ ಅದೀವಿ. ನಮಗ ಗೊತ್ತಾಗ್ತದ. ನಾವು ಹೋದ ಮ್ಯಾಲ ಯಾರಿಗೂ ಗೊತ್ತಾಗೋದಿಲ್ಲ, ಖರೆ. ಆವಾಗ ಆ ಸುಳ್ಳು ಬಾವಿನೇ ನಮ್ಮೂರ ಬಾವಿ ಆಗ್ತದ. ಅಷ್ಟೇ ಅಲ್ಲ, ಉಳಿದ ಮೂವತ್ತು ಖರೆ ಚಿತ್ರಗಳ ಮ್ಯಾಲೂ ಮುಂದಿನವರು ಅನುಮಾನ ಪಡ್ತಾರ. ಒಂದು ಮೂಟಿಯೊಳಗ ಒಂದು ಸೇರು ನಕಲಿ ಬೀಜ ಬೆರೆಸಿದ್ರ ಆ ಮೂಟಿಯೆಲ್ಲಾ ಬೀಜಕ್ಕ ಬರೋದಿಲ್ಲ. ಗದ್ವಾಲದ ಕಡೆ ಹತ್ತಿ ಬೀಜ ಬೆಳೆಯೋರಿಗೆ ಇದು ಹೇಳೋದು ಬ್ಯಾಡ.

ಹಂಗಂತ ಮೂವತ್ತಕ್ಕ ಇಳಿಸಿದ್ರ ಇನ್ನೊಂದು ತಾಪತ್ರಯ. ಗುರುಗಳು ಬಾವಿ ಅಂತ ಹಾಡೋ ಹೊತ್ತಿಗೆ ಅಲ್ಲಿ ಯಾರದೋ ಮನಿ ಕಾಣ್ತದ. ಬಾವಿ ಇತ್ತು ಅನ್ನೋದೂ ಹೋಗ್ತದ, ಚಿತ್ರ ಹೋಯಿತು ಅನ್ನೋದೂ ಹೋಗ್ತದ.

'ಅದರ ಜಾಗ ಹಂಗೇ ಇಡು' ಅಂದೆ. ಮೊಮ್ಮಗ ಅದೇ ಅಳತಿಯ ಒಂದು ಕಪ್ಪು ಚಿತ್ರ ಮಾಡಿದ. ಅದರ ಮ್ಯಾಲ ಸಣ್ಣಗ, ಕನ್ನಡದಾಗ ಒಂದು ಸಾಲು, ತೆಲುಗಿನಾಗ ಒಂದು ಸಾಲು ಬರೆಸಿದೆವು: 'ಊರ ಬಾವಿ. ಚಿತ್ರ ಉಳಿದಿಲ್ಲ.' ಅದಕ್ಕ 017 ಅಂತ ನಂಬರು ಕೊಟ್ಟ. ಈ ಸಲ ಯಂತ್ರ ನಿಲ್ಲಲಿಲ್ಲ.

ಆದರೂ ನೋಡಿದಾಗ ಸಮಾಧಾನ ಆಗಲಿಲ್ಲ. ಎಲ್ಲಾ ಚಿತ್ರಕ್ಕೂ 15 ಸೆಕೆಂಡು. ಪದ ಹಂಗ ಹೋಗೋದಿಲ್ಲ. ಪಲ್ಲವಿ ಚುರುಕು, ನುಡಿ ನಿಧಾನ, ಒಂದು ಕಡೆ ಗುರುಗಳು ದನಿ ಎಳೆದು ನಿಲ್ಲಿಸ್ತಾರ. ಪದ ಕುಲುಮಿಯೊಳಗ ಇದ್ರ ಚಿತ್ರ ಗುಡಿಗೆ ಹೋಗಿರ್ತಿತ್ತು. ಆಗ ಮೊಮ್ಮಗ ಬ್ಯಾರೆ ದಾರಿ ತೋರಿಸಿದ. ಒಂದು ಪಟ್ಟಿ ಬರೆಯೋದು. ಒಂದು ಸಾಲು ಚಿತ್ರದ ಹೆಸರು, ಅದರ ತಳಗ ಅದು ಎಷ್ಟು ಸೆಕೆಂಡು ನಿಲ್ಲಬೇಕು. ಹಿಂಗ ಮೂವತ್ತೊಂದಕ್ಕೂ. ಯಂತ್ರ ಆ ಪಟ್ಟಿ ಓದಿಕೊಂಡು ಹೋಗ್ತದ.

ಅವತ್ತು ನಾನು ಕುಂತು ಟೇಪು ಕೇಳಿದೆ, ಅವ ಗಡಿಯಾರ ಹಿಡಿದ. ಚಿತ್ರ ಬದಲಾಗಬೇಕಾದ ಕಡೆ ನಾನು ತಾಳ ತಟ್ಟಿದೆ, ಅವ ಬರಕೊಂಡ. ಪಲ್ಲವಿಯೊಳಗಿನ ಚಿತ್ರಕ್ಕ 8 ಸೆಕೆಂಡು, ಕುಲುಮಿಗೆ 14, ಬೀಸೋ ಕಲ್ಲಿನ ಮುದುಕಿಗೆ 22. ಬಾವಿಯ ಕಪ್ಪು ಪರದೆಗೆ 48. ಎಲ್ಲಾ ಕೂಡಿಸಿದ್ರ 465 ಬರೋ ಹಂಗ ನೋಡಿಕೊಂಡೆವು. ಕಡೀದು ನದಿ ದಂಡಿ ಚಿತ್ರ. ಆ ಪಟ್ಟಿಯೊಳಗ ಕಡೀ ಚಿತ್ರದ ಹೆಸರು ಎರಡು ಸಲ ಬರೀಬೇಕು, ಒಮ್ಮೆ ಸೆಕೆಂಡು ಹಾಕಿ, ಇನ್ನೊಮ್ಮೆ ಬರೇ ಹೆಸರು. ಇಲ್ಲಾಂದ್ರ ಕಡೀ ಚಿತ್ರ ನಿಲ್ಲಲಾರದ ಜಾರಿ ಹೋಗ್ತದ. ಅದು ಆ ಯಂತ್ರದ ಒಂದು ಚಾಳಿ. ನಾವೂ ಪದದ ಕಡೀ ಸಾಲು ಎರಡು ಸಲ ಹಾಡೇ ಮುಗಿಸ್ತೀವಿ, ನನಗೇನು ವಿಚಿತ್ರ ಅನಿಸಲಿಲ್ಲ.

ಮೊಹರಂ ಮುಗಿದ ಮರು ವಾರ ವಾಚನಾಲಯದ ಗ್ವಾಡಿಗೆ ಬಿಳಿ ದಟ್ಟಿ ಕಟ್ಟಿ ತೋರಿಸಿದೆವು. ಮಂದಿ ಬಾಳ ಕೂಡಿದ್ದರು. ಮೊದಮೊದಲು ಗದ್ದಲ. 'ಅಕಾ ನಮ್ಮಪ್ಪ', 'ಅಕಾ ನಮ್ಮ ಎತ್ತು'. ಮೂರನೇ ನುಡಿ ಬಂತು, ಪರದೆ ಕಪ್ಪಾತು. ಒಂದು ಗಳಿಗಿ ಎಲ್ಲಾರೂ ಸುಮ್ಮನಾದರು. ಕತ್ತಲದಾಗ ಗುರುಗಳ ದನಿ ಒಂದೇ. ಆಮ್ಯಾಲ ಒಬ್ಬಾಕಿ ಮುದುಕಿ ಸಣ್ಣಗ ಅಂದಳು, 'ಹದಿನೆಂಟು ಮೆಟ್ಟಲ ಇದ್ದವು.' ಇನ್ನೊಬ್ಬಾಕಿ, 'ಇಪ್ಪತ್ತು, ತಳಗಿನ ಎರಡು ಬ್ಯಾಸಗಿಗೆ ಅಷ್ಟೇ ಕಾಣ್ತಿದ್ದವು' ಅಂದಳು. ಗಡಗಡಿ ಯಾವ ಕಡೆ ಇತ್ತು, ಹಗ್ಗ ಉಜ್ಜಿ ಕಲ್ಲು ಎಲ್ಲಿ ಸವದಿತ್ತು, ಯಾರ ಕೊಡ ಯಾವ ವರ್ಷ ಬಿತ್ತು ಅಂತ ಮಾತು ಹುಟ್ಟಿತು. ವಿಡಿಯೋ ಮುಗಿದ್ರೂ ಆ ಮಾತು ಮುಗೀಲಿಲ್ಲ. ಉಳಿದ ಮೂವತ್ತು ಚಿತ್ರ ಮಂದಿ ನೋಡಿದರು. ಇದೊಂದನ್ನು ತಾವೇ ಬರೆದರು. ಆರನೇ ತರಗತಿ ಓದೋ ಒಂದು ಹುಡುಗಿ ತನ್ನ ವಹಿಯೊಳಗ ಅದನ್ನೆಲ್ಲಾ ತೆಲುಗು ಅಕ್ಷರದಾಗ ಕನ್ನಡ ಮಾತು ಬರಕೊಂಡಳು. ಅದರ ಒಂದು ಪ್ರತಿ ಈಗ ವಾಚನಾಲಯದಾಗದ. ಮರು ವಾರ ಆ ಹುಡುಗಿನೇ ಬಂದು, 'ತಾತಾ, ಆ ಮೂರನೇ ನುಡಿ ನನಗ ಹೇಳಿಕೊಡ್ರಿ' ಅಂದಳು. ಈಗ ಎರಡು ನುಡಿ ಬರ್ತಾವ ಆಕಿಗೆ. ಪದ ನನ್ನೊಬ್ಬನ ಹಂತೇಲೆ ಇಲ್ಲ.

ನಾನು ತಿಳಿದುಕೊಂಡದ್ದು ಇಷ್ಟು. ಆ ಯಂತ್ರ ಚಿತ್ರಕ್ಕ ಜೀವ ಕೊಡೋದಿಲ್ಲ. ಅದು ಕೇಳೋದು ಎರಡೇ: ಯಾವುದರ ಹಿಂದ ಯಾವುದು, ಯಾವುದು ಎಷ್ಟು ಹೊತ್ತು. ಈ ಎರಡು ಮಾತಿಗೆ ಹೈದರಾಬಾದಿನಾಗ ಉತ್ತರ ಇಲ್ಲ, ಕಂಪ್ಯೂಟರಿನಾಗೂ ಇಲ್ಲ. ಎಂಬತ್ತು ದಾಟಿದ ಚಿಗವ್ವನ ಹತ್ತಿರ ಅದ, ನನ್ನಂಥ ಹಾಡೋರ ಹತ್ತಿರ ಅದ. ನಾವು ಇರೋತನಕ ಅಷ್ಟೇ ಅದ. ಹುಡುಗರಿಗೆ ಯಂತ್ರ ಗೊತ್ತು, ಹಿರೇರಿಗೆ ಸಾಲು ಗೊತ್ತು. ಇಬ್ಬರೂ ಒಂದೇ ಕಟ್ಟಿ ಮ್ಯಾಲ ಕೂಡೋದು ಈಗ ಕೆಲವು ವರ್ಷ ಅಷ್ಟೇ ಸಾಧ್ಯ.

ಅದಕ್ಕ ಓದೋರಲ್ಲಿ ಒಂದು ವಿನಂತಿ. ನಿಮ್ಮ ಮನಿಯೊಳಗಿನ ಹಳೇ ಫೋಟೋ ತೆಗೀರಿ. ಹಿಂದ ಪೆನ್ಸಿಲಿನಿಂದ ಹಗುರಕ, ಯಾರು, ಯಾವ ಜಾಗ, ಯಾವ ವರ್ಷ ಅಂತ ಬರೀರಿ. ಪೆನ್ನಿಲೆ ಬರೀಬ್ಯಾಡ್ರಿ, ಮಸಿ ಮುಂದಿನ ಮಾರಿಗೆ ಇಳೀತದ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬಿಡ್ರಿ. ಒಂದರ ಮ್ಯಾಲ ಒಂದು ಒತ್ತಿ ಇಡಬ್ಯಾಡ್ರಿ, ನಡುವೆ ಕಾಗದ ಇಡ್ರಿ. ಒಂದು ಪ್ರತಿ ಮೊಬೈಲಿನಾಗ ತೆಗೆದು ಇನ್ನೊಬ್ಬರ ಮನಿಯೊಳಗೂ ಇರ್ಲಿ. ಹಾಡೋ ಪದ ಇದ್ರ ಬಂದು ಹಾಡ್ರಿ, ಹಿಡಿದು ಇಡ್ತೀವಿ. ಆಯಿತವಾರ ಸಂಜೆ ವಾಚನಾಲಯದಾಗ ಕಂಪ್ಯೂಟರ್ ತೆಗೆದಿರ್ತದ, ಆಜ್ಞೆಯ ಸಾಲು ಬರೆದ ವಹಿ ಅದರ ಬಾಜುಕ ಇರ್ತದ. 32ನೇ ನಂಬರಿನಿಂದ ಜಾಗ ಖಾಲಿ ಅದ.